ಕಣ್ಣಿನ ಕೂಲಿ

ಶಿವರಾಂಪೇಟೆ, ಮೈಸೂರು
9-2-1958, ಭಾನುವಾರ ಬೆಳಿಗ್ಗೆ

ನನ್ನ ಮುದ್ದು ಚಾಮಿ,

ಏಳು ತಿಂಗಳ ಬಸುರಿಗೆ ಬರೆಯುವ ಕಾಗದ ಊಟ, ನಿದ್ದೆ, ಕಾಲಿನ ಬಾವುಗಳ ಮಾತಿನಿಂದ ಶುರುವಾಗಬೇಕು. ಅದನ್ನೆಲ್ಲ ನಿನ್ನ ಎದುರಿಗೇ ಕೂತು ಕೇಳುತ್ತೇನೆ. ಈ ಕಾಗದ ಅಂಚೆಯವನ ಕೈಯಲ್ಲಿ ಬರದೆ ಮಾದೇವಮ್ಮನ ಹೂವಿನ ಬುಟ್ಟಿಯ ತಳದಲ್ಲಿ ಬಂದಿದೆ. ಅಂದಮೇಲೆ ಇದು ನಿನ್ನೊಬ್ಬಳಿಗೇ. ಹಿತ್ತಲಲ್ಲಿ ಕೂತು ಓದು. ಓದಿ ಒಲೆಗೆ ಹಾಕು.

ಹೋದ ವಾರ ನಿನ್ನ ಕಾರ್ಡು ಬಂತು. ಅಕ್ಷರ ನಿನ್ನದು, ಮಾತು ನಿನ್ನದಲ್ಲ. "ದಿವಂಗತ ಅತ್ತೆಯವರ ಫೋಟೋ ಬಾಬ್ತು ನಲವತ್ತೈದು ರೂಪಾಯಿ ಅತಿಯಾಯಿತೆಂದು ಮಾವನವರ ಅಭಿಪ್ರಾಯ. ಬಿಲ್ಲನ್ನು ವಜಾ ಮಾಡಿದ ಹೊರತು ನನ್ನನ್ನು ಹೆರಿಗೆಗೆ ಕಳಿಸಲು ಅನುಕೂಲವಾಗುವುದಿಲ್ಲ." ನನ್ನ ಮಗಳು ಹುಟ್ಟಿದಾಗಿನಿಂದ ಅದನ್ನು 'ಪಟ' ಎಂದವಳು. 'ಬಾಬ್ತು' ಎಂಬ ಮಾತು ಅವಳ ಬಾಯಲ್ಲಿ ಎಂದೂ ಬಂದದ್ದಿಲ್ಲ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕಳಿಸಲು ಬಿಲ್ಲಿನ ಷರತ್ತು ಹಾಕಿದ ಬೀಗರನ್ನು ನನ್ನ ಐವತ್ತೊಂದು ವರ್ಷದ ಬಾಳಿನಲ್ಲಿ ಇದೇ ಮೊದಲು ಕಾಣುತ್ತಿರುವುದು.

ನಿನ್ನ ಮಾವ ಸಂಕ್ರಾಂತಿಯ ಮಾರನೆಯ ದಿನ ನಮ್ಮ ಸ್ಟುಡಿಯೋಕ್ಕೆ ಬಂದಿದ್ದನ್ನು ನಿನಗೆ ಹೇಳಿರಲಿಕ್ಕಿಲ್ಲ. ಕುರ್ಚಿ ಹಾಕಿದೆ, ಕೂರಲಿಲ್ಲ. ಬಿಲ್ಲನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಬಲಗೈ ಬಡಿದರು. ಕಬ್ಬಿನ ಆಲೆಗೆ ಉಂಗುರದ ಬೆರಳು ಕೊಟ್ಟ ಕೈ ಅದು. ನಿಮ್ಮ ಮದುವೆಯ ಮಾತುಕತೆಯಲ್ಲಿ ಅದನ್ನು ಎತ್ತಿ ತೋರಿಸಿ, ದುಡಿದವನ ಕೈ ನೋಡಿ ಎಂದು ನಕ್ಕಿದ್ದರು.

"ಸದಾಶಿವಯ್ನೋರೇ, ಒಂದ್ ಗುಂಡಿ ಅದುಮೋಕೆ ನಲವತ್ತೈದ್ ರೂಪಾಯಾ? ಅಷ್ಟು ದುಡ್ಡಿಗೆ ಸಂತೇಲಿ ಒಂದು ಕಡಸು ಹಿಡ್ಕೊಂಡ್ ಬರ್ತಿದ್ದೆ. ಅದೂ ನಮ್ಮೋಳು ಅಲ್ಲಾಡ್ದೆ ಕುಂತಿದ್ಲಲ್ಲಯ್ಯಾ, ಬದ್ಕಿರೋರಿಗಿಂತ ಸಲೀಸು!" ಎಂದರು.

ನಿನ್ನ ಅಪ್ಪನ ಸ್ವಭಾವ ಗೊತ್ತಲ್ಲ. "ಕೆಲಸ ಬಹಳ ಇರ್ತದೆ ಬೀಗ್ರೇ" ಎಂದರು, ಅಷ್ಟೇ.

"ಏನೇನ್ ಕೆಲಸ, ಯಾವ್ಯಾವುದಕ್ಕೆ ಎಷ್ಟೆಷ್ಟು, ಬರ್ದು ಕಳ್ಸಿ. ನೋಡಾನ" ಎಂದು ಹೋದರು.

ಚಾಮಿ, ಈ ಗುಂಡಿಯ ಮಾತನ್ನು ನಾನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಬಡಗಿಗೆ ಯಾರೂ, ಒಂದು ಮೊಳೆ ಹೊಡೆಯೋಕೆ ಇಷ್ಟಾ ಎಂದು ಕೇಳುವುದಿಲ್ಲ. ವೈದ್ಯರಿಗೆ, ನಾಡಿ ಹಿಡಿದದ್ದು ಒಂದು ನಿಮಿಷ ತಾನೇ ಎನ್ನುವುದಿಲ್ಲ. ಪಟದವನು ಮಾತ್ರ ಬೆಳಕನ್ನು ಪುಕ್ಕಟೆ ತಂದು ದುಡ್ಡಿಗೆ ಮಾರುತ್ತಾನೆಂದು ಇಡೀ ಮೈಸೂರಿಗೆ ಅನುಮಾನ. ನಲವತ್ತೇಳರ ಚಳವಳಿಯಲ್ಲಿ ಮೆರವಣಿಗೆಯ ಪಟ ತೆಗೆಯಲು ಹೋಗಿ ನಿನ್ನ ಅಪ್ಪ ಕ್ಯಾಮೆರಾದ ಕಾಲು ಮುರಿಸಿಕೊಂಡು ಬಂದರು. ಆಮೇಲೆ ದೊಡ್ಡ ಮನುಷ್ಯರಾದವರೆಲ್ಲ ಬಂದು, ದೇಶಕ್ಕಾಗಿ ಎಂದು ಹೇಳಿ ಆ ಪಟಗಳನ್ನು ಒಯ್ದರು. ಇವತ್ತಿಗೂ ಅವರ ಮನೆಯ ಗೋಡೆಯ ಮೇಲಿವೆ. ಕ್ಯಾಮೆರಾಕ್ಕೆ ಹೊಸ ಕಾಲು ಹಾಕಿಸಿದ್ದು ನನ್ನ ಎರಡು ಬಳೆ. ಈ ವಿಷಯ ಪತ್ರಿಕೆಗೆ ಬರೆದೆ. ಪ್ರಕಟಿಸಿದರು, ನಿನ್ನ ಅಪ್ಪನ ಹೆಸರು ಹಾಕಿ.

ಸರಿ, ಬರೆದು ಕಳಿಸಿ ಎಂದರಲ್ಲ, ಬರೆಯೋಣ ಎಂದು ಈ ಗುರುವಾರ ಕೂತೆ. ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ದುಂಡಗಾಗುತ್ತದೆ. ನಿಮ್ಮೂರು ಬೋಗಾದಿಗೆ ಜಟಕಾ, ಹೋಗಿ ಬರಲು. ಗಾಜಿನ ಪ್ಲೇಟು ನಾಲ್ಕು, ಒಂದು ದಾರಿಯ ಕುಲುಕಿಗೆ ಒಡೆಯಿತು. ಸರ್ಕಾರ ಆಮದಿಗೆ ಕಡಿವಾಣ ಹಾಕಿದ ಮೇಲೆ ಅಂಥ ಒಂದು ಡಜನ್ನಿಗೆ ಮದರಾಸಿನವರೆಗೆ ಬೇಡಿಕೊಳ್ಳಬೇಕು. ಔಷಧಿ, ಕಾಗದ, ಕಟ್ಟು, ಗಾಜು. ಅಲ್ಲಿಗೆ ಇಪ್ಪತ್ತೊಂದು ರೂಪಾಯಿ. ಮಿಕ್ಕ ಇಪ್ಪತ್ತನಾಲ್ಕು ನನ್ನದು.

ನನ್ನ ಕೆಲಸ ನಿನಗೆ ಗೊತ್ತು. ಉತ್ತರದ ಕಿಟಕಿಗೆ ಗಾಜಿನ ಪ್ಲೇಟು ಒರಗಿಸಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿ ಇಟ್ಟು ಮುಖ ತಿದ್ದುವುದು. ಸಿಡುಬಿನ ಕಲೆ ತೆಗೆಯುತ್ತೇನೆ, ಮದುಮಗಳ ಕಣ್ಣ ಕೆಳಗಿನ ಕಪ್ಪು ತೆಗೆಯುತ್ತೇನೆ. ಹೋದವರ ಪಟ ಬಂದರೆ ಕೆಲಸ ಬೇರೆ. ನಮ್ಮವರಲ್ಲಿ ಹೋದವರನ್ನು ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸುವುದರಿಂದ, ಬದುಕಿದ್ದಾಗ ಒಂದು ಪಟವನ್ನೂ ತೆಗೆಸದ ಮನೆಯವರಿಗೆ ಆಗ ನೆನಪಾಗುತ್ತದೆ. ಹಾಗೆ ಕೂತವರ ತಲೆ ವಾಲುತ್ತದೆ. ಯಾರಾದರೊಬ್ಬರು ಹಿಂದೆ ಕುಕ್ಕರಗಾಲಿನಲ್ಲಿ ಕೂತು ಕುತ್ತಿಗೆ ಹಿಡಿದಿರುತ್ತಾರೆ. ಅವರ ಬೆರಳು ಪಟದಲ್ಲಿ ಬೀಳುತ್ತದೆ. ಅದನ್ನು ಅಳಿಸುವುದು ನನ್ನ ಕೆಲಸ. ಆಮೇಲೆ ಕಣ್ಣು ತೆರೆಸುವುದು. ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆಯಬೇಕು. ಮನೆಯವರು ನೋಡಿ, ಇದು ನಮ್ಮಮ್ಮ ಎಂದು ಅಳಬೇಕು.

ಪಟ್ಟಿಯಲ್ಲಿ ಅದನ್ನೂ ಬರೆದೆ. "ಕುತ್ತಿಗೆಯ ಎಡಗಡೆ ಬಿದ್ದ ಬೆರಳುಗಳನ್ನು ಅಳಿಸಿದ್ದು, ಒಂಬತ್ತು ರೂಪಾಯಿ. ಕಣ್ಣು ಬರೆದದ್ದು, ಹದಿನೈದು ರೂಪಾಯಿ." ಶುಕ್ರವಾರ ಬೆಳಿಗ್ಗೆ ನಿನ್ನ ಮಾವನ ಹೆಸರಿಗೆ ಅಂಚೆಗೆ ಹಾಕಿಸಿಬಿಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ನಿನ್ನ ಅಪ್ಪ ಅದರ ಕರಡನ್ನು ಓದಿ ತುತ್ತು ಕೈಯಲ್ಲೇ ಹಿಡಿದುಕೊಂಡು, "ಯಾವ ಬೆರಳು?" ಎಂದರು.

ಹಿಂದಿನಿಂದ ಹಿಡಿದವರದು, ಎಂದೆ.

"ಯಾರೂ ಹಿಡ್ದಿರ್ಲಿಲ್ಲ ಕಣೇ. ಮೈ ಆಗ್ಲೇ ಸೆಟೆದಿತ್ತು. ಶಾಲಿನಲ್ಲಿ ಕಂಬಕ್ಕೆ ಕಟ್ಟಿ ತೆಗ್ದೆ" ಎಂದರು.

ಆಮೇಲೆ ಇಬ್ಬರೂ ಊಟ ಮಾಡಲಿಲ್ಲ.

ಕಾರ್ತಿಕದಲ್ಲಿ ನಿನ್ನ ಅತ್ತೆ ದೇವಿರಮ್ಮನವರು ಬಚ್ಚಲಲ್ಲಿ ಜಾರಿ ಹಂಡೆಯ ಮೇಲೆ ಬಿದ್ದು ತೀರಿಕೊಂಡರೆಂದು ನಿಮ್ಮ ಆಳು ಬಂದು ಹೇಳಿದಾಗ ನಾನು ಜ್ವರದಲ್ಲಿ ಮಲಗಿದ್ದೆ. ಮಣ್ಣಿಗೂ ಬರಲಿಲ್ಲ. ಮುಖವನ್ನು ನಾನು ಕಂಡದ್ದು ಗಾಜಿನಲ್ಲೇ. ನಿಮ್ಮ ತೊಟ್ಟಿಯ ಮಬ್ಬಿನಲ್ಲಿ, ವಿಭೂತಿಯ ಕೆಳಗೆ, ನಿನ್ನ ಅಪ್ಪನಿಗೆ ಏನೂ ಕಾಣಿಸಲಿಲ್ಲವಂತೆ. ಆದರೆ ನಾವು ಬಳಸುವ ಹಳೆಯ ಜಾತಿಯ ಪ್ಲೇಟಿಗೆ ಒಂದು ಗುಣವಿದೆ. ಅದಕ್ಕೆ ಕೆಂಪು ತಿಳಿಯದು. ಮನುಷ್ಯರ ಕಣ್ಣಿಗೆ ಇನ್ನೂ ತೆಳುವಾಗಿರುವ ಕೆಂಪು ಅದರಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ. ನಾನು ಮೂವತ್ತು ವರ್ಷದ ಅಭ್ಯಾಸದಂತೆ, ಕುತ್ತಿಗೆಯ ಮೇಲೆ ಬೆರಳು ಕಂಡಿತು, ಹಿಡಿದವರದು ಎಂದುಕೊಂಡು ಅಳಿಸಿಬಿಟ್ಟೆ. ಆ ಬೆರಳುಗಳಿಗೆ ಕೈ ಎಲ್ಲಿ ಎಂದು ಹುಡುಕಲಿಲ್ಲ. ಕಸುಬು ಗೊತ್ತಿಲ್ಲದವಳಾಗಿದ್ದರೆ ಹುಡುಕುತ್ತಿದ್ದೆ.

ಶುಕ್ರವಾರ ಸಾಯಂಕಾಲ ಪೆಟ್ಟಿಗೆಯಿಂದ ಪ್ಲೇಟು ತೆಗೆದು, ಹತ್ತಿಗೆ ಟರ್ಪೆಂಟೈನ್ ಹಚ್ಚಿ ನನ್ನ ಪೆನ್ಸಿಲಿನ ಕೆಲಸವನ್ನು ನಾನೇ ಒರೆಸಿದೆ. ಗುರುತು ಮತ್ತೆ ಬಂತು. ಒಂದು ಬೆರಳು, ಇನ್ನೊಂದು ಬೆರಳು, ಆಮೇಲೆ ಒಂದು ಬೆರಳಿನ ಜಾಗ ಖಾಲಿ, ಕೊನೆಗೆ ಕಿರುಬೆರಳು.

ಹೆಸರು ಬರೆಯುವುದಿಲ್ಲ. ಅತ್ತೆ ತೀರಿಕೊಂಡ ದಿನ ನೀನು ಬರೆದ ಕಾಗದದಲ್ಲಿ, ನಾನು ಕೇಳದೆ ಇದ್ದರೂ, "ನಾನು ಹಿತ್ತಲಲ್ಲಿದ್ದೆ ಅಮ್ಮ, ನಾನೇನೂ ನೋಡಲಿಲ್ಲ" ಎಂದು ಎರಡು ಸಲ ಬರೆದಿದ್ದೆ. ಆಗ ನನಗೆ ಅರ್ಥವಾಗಲಿಲ್ಲ. ದೇವಿರಮ್ಮನವರು ತಮ್ಮ ತವರಿನ ಗದ್ದೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಒಪ್ಪುತ್ತಿರಲಿಲ್ಲವೆಂದು ಮಾದೇವಮ್ಮ ಮಾರ್ಕೆಟ್ಟಿನಲ್ಲಿ ಹೇಳಿದಾಗಲೂ ಊರ ಮಾತು ಎಂದು ಬಿಟ್ಟೆ.

ಈಗ ನಿನ್ನ ಇನ್ನೊಂದು ಕಾಗದಕ್ಕೆ ಉತ್ತರ. ಪಟ ಗೋಡೆಗೇರಿದ ಮೇಲೆ ನೀನು ಬರೆದಿದ್ದೆ, "ಅಮ್ಮ, ಅತ್ತೆಯ ಪಟ ನನ್ನನ್ನೇ ನೋಡುತ್ತೆ. ಬದುಕಿದ್ದಾಗ ಅವರು ತಲೆ ಎತ್ತಿದವರೇ ಅಲ್ಲ. ಸಂಜೆಯಾದರೆ ಹೆದರಿಕೆಯಾಗಿ ಕೋಲಿನ ತುದಿಯಿಂದ ಅದಕ್ಕೆ ಟವೆಲು ಹಾಕುತ್ತೇನೆ." ಇದಕ್ಕೆ ನಾನು, ಬಸುರಿಯ ಮನಸ್ಸು ಹಾಗೆಯೇ ಎಂದು ಸುಳ್ಳು ಉತ್ತರ ಬರೆದೆ.

ಚಾಮಿ, ಆ ಕಣ್ಣುಗಳಿಗೆ ಹೆದರಬೇಡ. ಅವು ನನ್ನವು.

ನಿನ್ನ ಮದುವೆಯಲ್ಲಿ ಒಂದು ಪಟಕ್ಕೆ ನಿಲ್ಲಿ ಎಂದು ದೇವಿರಮ್ಮನವರನ್ನು ಎಷ್ಟು ಕೇಳಿಕೊಂಡೆ! "ನನ್ನಂತೋಳ ಪಟ ಯಾಕವ್ವ, ಬುಡಿ ಬುಡಿ" ಎಂದು ಸೆರಗು ಎಳೆದುಕೊಂಡು ಕಂಬದ ಹಿಂದೆ ಹೋದರು. ಅವರ ಕಣ್ಣು ಹೇಗಿತ್ತೆಂದು ನಮಗೆ ಯಾರಿಗೂ ಗೊತ್ತಿಲ್ಲ. ಅವರ ಮಗನಿಗೂ ಹೇಳಲಾಗಲಿಲ್ಲ. ಹೋದವರ ಕಣ್ಣಿಗೆ ಮಾದರಿ ಸಿಗದಿದ್ದಾಗ ನಾನು ಕನ್ನಡಿ ಇಟ್ಟುಕೊಂಡು ನನ್ನದನ್ನೇ ನೋಡಿ ಬರೆಯುತ್ತೇನೆ. ಹಾಗೆ ಮೈಸೂರಿನ ಮೂವತ್ತೊಂದು ಮನೆಗಳಲ್ಲಿ ಬರೆದಿದ್ದೇನೆ. ನಿನ್ನ ಅಪ್ಪನಿಗೆ ಈ ಕಸುಬು ಕಲಿಸಿದ ಕೃಷ್ಣಪ್ಪನವರು ಮೊದಲ ದಿನವೇ ನನಗೆ ಹೇಳಿದ್ದರು, "ಸತ್ತೋರ ಪಟಕ್ಕೆ ಪುಗಸಟ್ಟೆ ಕೈ ಹಾಕ್ಬೇಡ ಕಣಮ್ಮ. ನೆಂಟ್ರೇ ಆಗ್ಲಿ, ಕೂಲಿ ಪೂರ್ತಿ ತಗೋ. ದುಡ್ಡು ಕೈಗೆ ಬರೋಗಂಟ ಆ ಕಣ್ಣು ನಿಂದೇ. ಬಂದ್ಮೇಲೆ ಆ ಸತ್ತೋರ್ದು." ಬಾಕಿ ವಸೂಲಿಗೆ ಮುದುಕ ಕಂಡುಕೊಂಡ ಉಪಾಯ ಎಂದು ನಾನು ನಕ್ಕಿದ್ದೆ. ಲೈಬ್ರರಿಯ ಪುಸ್ತಕಗಳಲ್ಲಿ ಅರ್ಧದಷ್ಟು ಓದಿದವಳು ನಾನು. ದೆವ್ವ ಬಿಡಿಸುವವರ ಮೇಲೆ ಪತ್ರಿಕೆಗೆ ಬರೆದವಳು. ಆ ಮೂವತ್ತೊಂದು ಮನೆಯವರೂ ತಿಂಗಳೊಳಗೆ ದುಡ್ಡು ಕೊಟ್ಟಿದ್ದರು, ನನಗೆ ಏನೂ ಆಗಿರಲಿಲ್ಲ.

ನಿಮ್ಮ ಮನೆಯ ಬಾಕಿ ಮೊದಲನೆಯದು.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದೆ. ಮೊರದ ಅಕ್ಕಿ ಇದ್ದಕ್ಕಿದ್ದಂತೆ ದೂರವಾಗಿ, ಎದುರಿಗೆ ಒಂದು ತೊಟ್ಟಿ ಕಂಡಿತು. ನೇರಕ್ಕೆ ತಲೆಬಾಗಿಲು, ಬಲಕ್ಕೆ ಉಯ್ಯಾಲೆ, ಕೆಳಗೆ ನಿನ್ನ ಬೈತಲೆ. ಅಷ್ಟು ಎತ್ತರದಿಂದ ನಾನು ಯಾವ ಮನೆಯನ್ನೂ ನೋಡಿದವಳಲ್ಲ. ಮಾದೇವಮ್ಮನನ್ನು ಕೇಳಿದೆ, ಪಟ ಎಲ್ಲಿ ಹಾಕಿದ್ದಾರೆ ಎಂದು. "ಕಣಜದ ಕೋಣೆ ಬಾಗ್ಲ ಮ್ಯಾಲೆ ಕಣವ್ವ. ಕತ್ತು ನೋಯ್ತದೆ ನೋಡೋಕೆ. ಬಲಗಡೀಕೆ ಯಜಮಾನ್ರ ಉಯ್ಯಾಲೆ" ಎಂದಳು. ಅಂದಿನಿಂದ ದಿನಕ್ಕೆ ಒಂದು ಸಲ, ಎರಡು ಸಲ. ಕಣ್ಣು ಬರೆದಿದ್ದೆ, ಕಿವಿ ಬರೆಯಲಿಲ್ಲ, ಅದರಿಂದ ಒಂದು ಮಾತೂ ಕೇಳದು. ಸಂಜೆಯಾದರೆ ನೀಲಿ ಅಂಚಿನ ಟವೆಲಿನ ನೂಲು ಮಾತ್ರ ಕಾಣುತ್ತದೆ.

ನೀನು ಗೋಡೆ ಹಿಡಿದು ಓಡಾಡುವುದನ್ನು ನೋಡಿದ್ದೇನೆ. ಉಯ್ಯಾಲೆಯ ದಾರಿ ತಪ್ಪಿಸಿ ಸುತ್ತಿಕೊಂಡು ಅಡುಗೆಮನೆಗೆ ಹೋಗುತ್ತೀಯೆ. ನಿನ್ನ ಗಂಡ ಸುಂದರೇಶನ ಕೈಗಳಲ್ಲಿ ಬೆರಳು ಹತ್ತೂ ಇವೆ, ಅದೊಂದು ಸಮಾಧಾನ. ಆದರೆ ಆ ಹತ್ತೂ ಅವನ ಅಪ್ಪನ ಎದುರು ಜೋಡಿಸಿಯೇ ಇರುತ್ತವೆ. ನೀನು ಆ ಕಾರ್ಡು ಬರೆದದ್ದನ್ನೂ ಕಂಡೆ. ನೀನು ನೆಲದ ಮೇಲೆ ಕೂತಿದ್ದೆ. ನಿನ್ನ ತಲೆಯ ಮೇಲಿನ ಕಂಬಕ್ಕೆ ಆ ಕೈ ಊರಿ ಅವರು ನಿಂತಿದ್ದರು. ಬರೆಯುವುದನ್ನು ಎರಡು ಸಲ ನಿಲ್ಲಿಸಿ ನೀನು ತಲೆ ಎತ್ತಿ ನನ್ನನ್ನು ನೋಡಿದೆ. ಇಲ್ಲಿ ನನ್ನ ಕೈಯ ಮೊರ ಜಾರಿ ಬಿತ್ತು.

ಇದು ಕನಸಾಗಿದ್ದರೆ ನಕ್ಕುಬಿಡು. ನೀನು ತಲೆ ಎತ್ತಿದ್ದು ನಿಜವಾದರೆ ನಂಬು.

ಇನ್ನೊಂದು ತಪ್ಪೊಪ್ಪಿಗೆ. ಕನ್ನಡಿಯ ಮುಂದೆ ಕೂತಾಗ ಬೇರೆ ಮಾದರಿ ಹುಡುಕಬಹುದಿತ್ತು. ಕ್ಯಾಲೆಂಡರಿನ ದೇವಿಯ ಕಣ್ಣಿದೆ, ಹಾಸನದ ಚಿಕ್ಕಮ್ಮನ ಹಳೆಯ ಪಟವಿದೆ. ಬೇಕೆಂದೇ ನನ್ನದನ್ನು ಬರೆದೆ. ಮಗಳನ್ನು ಕೊಟ್ಟ ಮನೆಯಲ್ಲಿ ನನ್ನದೊಂದು ನೋಟ ಇರಲಿ ಎಂಬ ಆಸೆ. ಆಸೆಗೆ ತಕ್ಕಷ್ಟು ನೋಡಿದ್ದಾಯಿತು.

ನನ್ನ ಪಟ್ಟಿ ನಿನ್ನೆ ಶನಿವಾರ ನಿಮ್ಮ ಮನೆ ತಲುಪಿತು. ಅವರು ಉಯ್ಯಾಲೆಯ ಮೇಲೆ ಕೂತು ಓದುವುದು ಕಂಡಿತು. ಓದಿ ಮುಗಿದ ಮೇಲೂ ಕಾಗದ ಮಡಿಸಲಿಲ್ಲ. ಬಹಳ ಹೊತ್ತಿನ ಮೇಲೆ ಕುತ್ತಿಗೆ ಎತ್ತಿ ಪಟದ ಕಡೆ ನೋಡಿದರು. ಅಳಿಸಿದ ಬೆರಳಿಗೆ ಒಂಬತ್ತು ರೂಪಾಯಿ ಎಂದು ನಾನು ದುಂಡಗೆ ಬರೆದು ಕಳಿಸಿದ್ದೇನೆ. ನಮಗೆ ಗೊತ್ತೆಂದು ಅವರಿಗೆ ಗೊತ್ತಾಗಿದೆ. ಮೂವತ್ತು ವರ್ಷ ಸುಮ್ಮನಿದ್ದವಳು ಕೂಲಿಯ ಲೆಕ್ಕ ಹೇಳಲು ಹೋಗಿ ನಿನ್ನನ್ನು ಅಪಾಯಕ್ಕೆ ಒಡ್ಡಿದೆ.

ಆದ್ದರಿಂದ ಹೀಗೆ ಮಾಡು. ನಾಳೆ ಬೆಳಕು ಹರಿಯುವ ಹೊತ್ತಿಗೆ ಮಾದೇವಮ್ಮ ಹೂ ಬಿಡಿಸಲು ಹೋಗುವಾಗ ನಿಮ್ಮ ಹಿತ್ತಲ ಬಾಗಿಲಿಗೆ ಬರುತ್ತಾಳೆ. ಪೂಜೆಗೆ ಹೂವೆಂದು ಹೇಳಿ ಅವಳ ಜೊತೆ ಹೊರಡು. ಪೆಟ್ಟಿಗೆ ಬೇಡ, ಒಡವೆ ಬೇಡ. ಬೋಗಾದಿ ಕೆರೆಯ ಏರಿಯ ಮೇಲೆ ಅಪ್ಪ ಜಟಕಾ ನಿಲ್ಲಿಸಿರುತ್ತಾರೆ. ಸುಂದರೇಶನಿಗೆ ಈಗ ಏನೂ ಹೇಳಬೇಡ. ತಾಯಿಯ ಕುತ್ತಿಗೆ ನೋಡುವ ಧೈರ್ಯ ಇದ್ದರೆ ಅವನೂ ಆಮೇಲೆ ಇಲ್ಲಿಗೆ ಬರಲಿ, ಪ್ಲೇಟು ತೋರಿಸುತ್ತೇನೆ. ಪೊಲೀಸರ ಮಾತು ನೀನು ನಮ್ಮ ಹೊಸಿಲು ದಾಟಿದ ಮೇಲೆ.

ಬಿಲ್ಲನ್ನು ವಜಾ ಮಾಡುವುದಿಲ್ಲ. ಅವರು ಕೊಡುವುದೂ ಬೇಡ. ಜನ್ಮದಲ್ಲಿ ಮೊದಲ ಸಲ ಒಂದು ಬಾಕಿ ಬಾಕಿಯಾಗಿಯೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಅದು ಇರುವಷ್ಟು ಹೊತ್ತು ನಾನು ಆ ತೊಟ್ಟಿಯಲ್ಲಿರುತ್ತೇನೆ. ನೀನು ಹಿತ್ತಲು ದಾಟುವವರೆಗೆ ನೋಡುತ್ತಿರುತ್ತೇನೆ.

ಕಾಲಿಗೆ ಚಪ್ಪಲಿ ಹಾಕಿಕೊಂಡು ಬಾ, ಏರಿಯ ಮೇಲೆ ಮುಳ್ಳು.

ನಿನ್ನ ದಾರಿ ಕಾಯುತ್ತಿರುವ ಅಮ್ಮ,
ಸುಮಿತ್ರ

ತಾ.ಕ.: ಹನ್ನೊಂದೂವರೆ ಗಂಟೆ. ನಾನು ಕಾಗದ ಮಡಿಸಿ ಅಡುಗೆಮನೆಗೆ ಹೋಗಿದ್ದೆ. ಅಷ್ಟರಲ್ಲಿ ನಿಮ್ಮ ಮನೆಯ ಆಳು ಬಂದು ನಲವತ್ತೈದು ರೂಪಾಯಿ ಎಣಿಸಿ ಕೊಟ್ಟಿದ್ದಾನೆ. ಒಂದು ಕಾಸೂ ಕಡಿಮೆಯಿಲ್ಲ. "ಗಾಜಿನ ಪಟಾನೂ ಇಸ್ಕೊಂಡ್ ಬಾ ಅಂದವ್ರೆ" ಎಂದನಂತೆ. ಅಪ್ಪ ಪ್ಲೇಟು ಕೊಡಲಿಲ್ಲ. "ಅದು ಸ್ಟುಡಿಯೋದ್ದು ಕಣಯ್ಯ, ಯಾರಿಗೂ ಕೊಡೋ ಪದ್ಧತಿ ಇಲ್ಲ" ಎಂದರು. ಆದರೆ ದುಡ್ಡು ತೆಗೆದುಕೊಂಡು ಸ್ಟಾಂಪು ಹಚ್ಚಿ ರಸೀದಿಗೆ ಸಹಿ ಹಾಕಿಬಿಟ್ಟರು. ಕೃಷ್ಣಪ್ಪನವರ ಮಾತನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ.

ನಾಳೆಯವರೆಗೆ ಕಾಯಬೇಡ. ಮಾದೇವಮ್ಮ ಇದನ್ನು ನಿನ್ನ ಕೈಗಿಟ್ಟ ತಕ್ಷಣ ಅವಳ ಜೊತೆಯಲ್ಲೇ ಹೊರಡು. ಅಪ್ಪ ಈಗಲೇ ಜಟಕಾ ಕಟ್ಟಿಸುತ್ತಿದ್ದಾರೆ, ಮಾದೇವಮ್ಮ ಅದರಲ್ಲೇ ಬರುತ್ತಾಳೆ. ಆಳು ನಡೆದು ಬಂದವನು, ಅವನು ಊರು ಮುಟ್ಟುವುದರೊಳಗೆ ನೀನು ಏರಿಯ ಮೇಲಿರಬೇಕು.

ಸಹಿ ಬಿದ್ದ ಕ್ಷಣ ನನಗೆ ನಿಮ್ಮ ತೊಟ್ಟಿ ಕಡೆಯ ಸಲ ಕಂಡಿತು. ಆ ಕಣ್ಣುಗಳನ್ನು ನಾನು ನೇರಕ್ಕೆ ಬರೆದಿದ್ದೆ, ತಲೆಬಾಗಿಲಿನ ಕಡೆಗೆ. ಎರಡು ತಿಂಗಳಲ್ಲಿ ಅವು ಒಂದು ಕೂದಲೆಳೆಯಷ್ಟೂ ಅಲುಗಿದ್ದಿಲ್ಲ. ಇವತ್ತು ಬಾಗಿಲು ಮೆಲ್ಲಗೆ ಎಡಕ್ಕೆ ಸರಿಯಿತು. ಕಂಬ ಸರಿಯಿತು. ಉಯ್ಯಾಲೆ ನಡುವಿಗೆ ಬಂದು ನಿಂತಿತು. ಅದರ ಮೇಲಿದ್ದವರು ತಲೆ ಎತ್ತಿದರು, ಬಾಯಿ ತೆರೆದರು. ಅಲ್ಲಿಗೆ ಕತ್ತಲೆ.

ತಿರುಗಿಸಿದ್ದು ನಾನಲ್ಲ, ಚಾಮಿ. ನೀನು ಹೊರಡುವಾಗ ಪಟಕ್ಕೆ ಟವೆಲು ಹಾಕಬೇಡ.